ಪಿಲಿಕುಳವೋ, ಬೆಳುವಾಯಿಯ ಚಿಟ್ಟೆ ಪಾರ್ಕೋ?

ಮಂಗಳೂರಿಗೆ ನೆಂಟರು ಬಂದು ಮಕ್ಕಳಿಗೆ ಪ್ರಾಣಿ ತೋರಿಸಬೇಕೆಂದರೆ ನಮ್ಮ ಬಾಯಿಗೆ ಬರುವ ಮೊದಲ ಹೆಸರು ಪಿಲಿಕುಳ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಅಲ್ಲಿಗೆ, ಮುಂದಿನ ಭಾನುವಾರ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಅತ್ತೆ ಮತ್ತು ಮಗಳೊಂದಿಗೆ ಹೋಗಿಬಂದೆ. ಈಗ ನನ್ನ ಉತ್ತರ ಬದಲಾಗಿದೆ.

ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ವಾಮಂಜೂರು ಬಳಿಯ ಈ ಜೈವಿಕ ಉದ್ಯಾನದಲ್ಲಿ ಹುಲಿ, ಚಿರತೆಗಳ ಜೊತೆಗೆ ಕಾಳಿಂಗ ಸರ್ಪವೂ ಇದೆ. ಕಾಳಿಂಗದ ಸಂತಾನಾಭಿವೃದ್ಧಿಗೂ ಇದು ಹೆಸರಾಗಿದೆ. ಸಿಟಿ ಬಸ್ಸಿನಲ್ಲೇ ಹೋಗಬಹುದು, ಸೋಮವಾರ ರಜೆ. ಹುಲಿಯನ್ನೇ ನೋಡದ ಮಗುವಿಗೆ ಮೊದಲು ಇದನ್ನೇ ತೋರಿಸಿ. ನಡಿಗೆ ಹೆಚ್ಚು, ಹಿರಿಯರಿದ್ದರೆ ಬಿಸಿಲೇರುವ ಮೊದಲೇ ಹೊರಡಿ.

ಬೆಳುವಾಯಿ ಮೂಡುಬಿದಿರೆ ದಾಟಿದ ಮೇಲೆ ಕಾರ್ಕಳ ರಸ್ತೆಯಲ್ಲಿದೆ. ಒಂದು ಕುಟುಂಬ ತನ್ನ 7.35 ಎಕರೆ ಜಮೀನನ್ನು ಚಿಟ್ಟೆಗಳಿಗಾಗಿ ಬಿಟ್ಟುಕೊಟ್ಟು, 2013ರಲ್ಲಿ ಜನರಿಗೂ ತೆರೆದ ಜಾಗವಿದು. ಬಲೆಯಿಲ್ಲ, ಪಂಜರವಿಲ್ಲ. ಮರಿಹುಳುಗಳು ತಿನ್ನುವ ಗಿಡ, ಚಿಟ್ಟೆಗಳು ಮಕರಂದ ಹೀರುವ ಹೂವು, ಇಷ್ಟನ್ನು ಬೆಳೆಸಿ ಕಾಯುತ್ತಾರೆ. ಬರುವುದು ಬಿಡುವುದು ಚಿಟ್ಟೆಗಳ ಇಷ್ಟ. ಮೋಡ ಕವಿದಿದ್ದ ಮೊದಲ ಅರ್ಧ ಗಂಟೆ ನಮಗೆ ಏನೂ ಕಾಣಲಿಲ್ಲ, ಮಗಳು ಮುಖ ಊದಿಸಿಕೊಂಡಳು. ಬಿಸಿಲು ಬಿತ್ತು ನೋಡಿ, ಕೇಪಳ ಹೂವಿನ ಮೇಲೆ ಅಂಗೈಗಿಂತ ದೊಡ್ಡ ಸದರ್ನ್ ಬರ್ಡ್‌ವಿಂಗ್ ಇಳಿಯಿತು. ನಮ್ಮ ರಾಜ್ಯದ ಚಿಟ್ಟೆ! ಅತ್ತೆ ಮಾತಿಲ್ಲದೆ ಕೈ ಮುಗಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕಾಮನ್ ಮಾರ್ಮನ್ ಎಂಬ ಚಿಟ್ಟೆ. ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವ ರೋಸ್ ಚಿಟ್ಟೆಗಳ ಮೈಯಲ್ಲಿ ಆ ಬಳ್ಳಿಯ ವಿಷ ಉಳಿಯುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ವಿಷವೇ ಇಲ್ಲದ ಮಾರ್ಮನ್ ಜಾತಿಯ ಹೆಣ್ಣುಗಳಲ್ಲಿ ಕೆಲವು ಅದೇ ಕೆಂಪು ಚುಕ್ಕೆಗಳ ವೇಷ ತೊಟ್ಟು ಬದುಕಿಕೊಳ್ಳುತ್ತವೆ. ಅದರ ಮರಿಹುಳುವಿಗೆ ಬೇಕಾದದ್ದು ಕರಿಬೇವು, ನಿಂಬೆಯ ಎಲೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಆ ಹುಳುವನ್ನು ನಮ್ಮ ಹಿತ್ತಿಲಿನಲ್ಲಿ ಎಷ್ಟು ಸಲ ಕೊಡವಿ ಎಸೆದಿದ್ದೇನೋ! ಪಿಲಿಕುಳದಲ್ಲಿ ಕಂಡ ಹುಲಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಈ ಹುಳುವಿನ ಅಳಿವು ಉಳಿವು ನನ್ನ ಬೆರಳಿನಲ್ಲೇ ಇತ್ತು.

ಬೆಳುವಾಯಿಗೆ ಹೋಗುವ ಮೊದಲು ತೆರೆದಿರುವ ದಿನವನ್ನು ಖಚಿತಪಡಿಸಿಕೊಳ್ಳಿ. ಮನೆಯವರೇ ನೋಡಿಕೊಳ್ಳುವ ಜಾಗ, ದಿನವೂ ತೆರೆದಿರುವ ಉದ್ಯಾನವಲ್ಲ. ಬೆಳಗಿನ ಬಿಸಿಲಿಗೆ ಅಲ್ಲಿರಬೇಕು.

ನಿನ್ನೆ ಒಗ್ಗರಣೆಗೆ ಕರಿಬೇವು ಕೊಯ್ಯಲು ಹೋದಾಗ ಒಂದು ಗೆಲ್ಲಿನಲ್ಲಿ ಮೂರು ಹುಳುಗಳಿದ್ದವು. ಅದನ್ನು ಬಿಟ್ಟು ಪಕ್ಕದ ಗೆಲ್ಲಿನಿಂದ ಕೊಯ್ದೆ.