ಬೆಟ್ಟದ ಮೇಲಿಂದ ಕೆರೆಯೋ, ಕೆರೆ ದಡದಿಂದ ಬೆಟ್ಟವೋ? ಮೈಸೂರು ಸುತ್ತ ನಾಲ್ಕು ಜಾಗ

ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟ್‌ಗೆ ಹೋದವರೆಲ್ಲ ಹೆಚ್ಚುಕಡಿಮೆ ಒಂದೇ ಫೋಟೋ ತೆಗೆದುಕೊಂಡು ಬರುತ್ತಾರೆ. ಕೆಳಗೆ ಊರು, ಒಂದು ಕಡೆ ಕಾರಂಜಿ ಕೆರೆ, ಮೇಲೆ ಬಿಳಚಿದ ಆಕಾಶ. ನಾನೂ ವರ್ಷಗಟ್ಟಲೆ ಅದನ್ನೇ ತೆಗೆದೆ. ಆದರೆ ನನಗೆ ಬೇಕಿದ್ದದ್ದು ಕೆರೆ, ಬೆಟ್ಟ ಎರಡೂ ಇರುವ ಚಿತ್ರ. ಬೆಟ್ಟದ ಮೇಲೆ ನಿಂತರೆ ಬೆಟ್ಟ ಕಾಲ ಕೆಳಗೆ ಇರುತ್ತದೆ, ಚಿತ್ರದೊಳಗೆ ಎಲ್ಲಿಂದ ಬರಬೇಕು?

ಹಾಗಾಗಿ ಹೋದ ಡಿಸೆಂಬರ್, ಜನವರಿ ಎರಡೂ ತಿಂಗಳು ಬಿಡುವು ಸಿಕ್ಕಾಗೆಲ್ಲ ನಾಲ್ಕು ಜಾಗ ಸುತ್ತಿದೆ. ಜೊತೆಗೆ ಅಕ್ಕನ ಮಗ ಇದ್ದ. ನನ್ನ ಹತ್ತಿರ ಹಳೇ ಕ್ಯಾಮೆರಾ, ಅಗಲ ನೋಟಕ್ಕೆ 18-55 ಮತ್ತು ದೂರದ್ದನ್ನು ಹತ್ತಿರ ತರಲು 70-300 ಎಂಎಂ ಲೆನ್ಸ್. ಅವನ ಹತ್ತಿರ ಫೋನ್ ಮಾತ್ರ.

ಮೊದಲು ವ್ಯೂ ಪಾಯಿಂಟ್ ಬಗ್ಗೆ ಹೇಳಿಬಿಡುತ್ತೇನೆ. ಚಳಿಗಾಲದ ಬೆಳಿಗ್ಗೆ ಊರಿನ ಮೇಲೆ ಮಂಜು, ಹೊಗೆ ಎರಡೂ ಸೇರಿ ಕೂತಿರುತ್ತವೆ. ಎಷ್ಟು ಕಾದರೂ ಅರಮನೆ ಮಸುಕಾಗಿಯೇ ಕಂಡಿತು. ಸಂಜೆ ವಾಸಿ. ಸಂಜೆ ಐದರ ಹೊತ್ತಿಗೆ ಬಿಸಿಲು ನಮ್ಮ ಬೆನ್ನ ಕಡೆಯಿಂದ ಹೋಗಿ ಲಲಿತ ಮಹಲ್ ಮೇಲೆ ಬೀಳುತ್ತದೆ. ಆ ಬಿಳಿ ಕಟ್ಟಡ ಹಸಿರಿನ ನಡುವೆ ಬೆಣ್ಣೆ ಬಣ್ಣಕ್ಕೆ ತಿರುಗುವುದನ್ನು ನೋಡಲೇಬೇಕು. ಭಾನುವಾರವಾದರೆ ಏಳು ಗಂಟೆವರೆಗೆ ಕಾದು ಅರಮನೆ ದೀಪವನ್ನೂ ತೆಗೆಯಬಹುದು, ಟ್ರೈಪಾಡ್ ಬೇಕು. ಆದರೆ ಕೆರೆ? ಅಲ್ಲಿಂದ ಕಾರಂಜಿ ಒಂದು ಬೂದು ತಟ್ಟೆ ಥರ ಕಾಣುತ್ತದೆ ಅಷ್ಟೆ. ನೀರು ಅನ್ನುವ ಭಾವನೆಯೇ ಬರುವುದಿಲ್ಲ. ಭಾನುವಾರದ ಜನ ಬೇರೆ, ಕಟ್ಟೆ ಮೇಲೆ ಕೈ ಊರಲೂ ಜಾಗ ಇರಲಿಲ್ಲ.

ಕೆಳಗಿಳಿದ ಮೇಲೆಯೇ ನಿಜವಾದ ಕೆಲಸ ಶುರುವಾಗಿದ್ದು.

ಕುಕ್ಕರಹಳ್ಳಿ ಕೆರೆ ನನ್ನ ಮನೆಗೆ ಹತ್ತಿರ, ಅದಕ್ಕೇ ಅಲ್ಲಿ ಜಾಸ್ತಿ ದಿನ ಹೋದೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಇದು. ಬೆಟ್ಟ ಬೇಕೆಂದರೆ ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ ಕಡೆಯ ದಡಕ್ಕೆ ಹೋಗಬೇಕು. ಅಲ್ಲಿ ಮರಗಳ ನಡುವೆ ಸಂದು ಇರುವ ಕಡೆ ನಿಂತರೆ ನೀರಿನಾಚೆ ಆಗ್ನೇಯಕ್ಕೆ ಚಾಮುಂಡಿ ಬೆಟ್ಟ ಕಾಣುತ್ತದೆ. ಇಲ್ಲಿ ಒಂದು ಪೇಚು ಇದೆ. ಬೆಳಿಗ್ಗೆ ನೀರು ಕನ್ನಡಿ ಹಾಗೆ ನಿಂತಿರುತ್ತದೆ, ಬೆಟ್ಟದ ಪ್ರತಿಬಿಂಬ ಚೆನ್ನಾಗಿ ಬೀಳುತ್ತದೆ, ಆದರೆ ಚಳಿಗಾಲದಲ್ಲಿ ಸೂರ್ಯ ಬೆಟ್ಟದ ಎಡಕ್ಕೇ ಹುಟ್ಟುವುದರಿಂದ ಬೆಟ್ಟ ಬರೀ ಕಪ್ಪು ಆಕಾರ. ಸಂಜೆ ಬಿಸಿಲು ಬೆನ್ನ ಕಡೆಯಿಂದ ಬಂದು ಬೆಟ್ಟದ ಬಂಡೆ, ಮರ ಎಲ್ಲ ಬಿಡಿಬಿಡಿಯಾಗಿ ಕಾಣುತ್ತವೆ, ಆದರೆ ಆ ಹೊತ್ತಿಗೆ ಗಾಳಿ ಎದ್ದು ನೀರು ಕದಡಿರುತ್ತದೆ. ಎರಡೂ ಒಟ್ಟಿಗೆ ಸಿಕ್ಕಿದ್ದು ನನಗೆ ಒಂದೇ ಒಂದು ಸಂಜೆ. ಹಿಂದಿನ ದಿನ ಅಕಾಲದ ಮಳೆ ಬಂದು ಗಾಳಿಯಲ್ಲಿನ ಧೂಳೆಲ್ಲ ತೊಳೆದುಹೋಗಿತ್ತು, ಎಲೆ ಕೂಡ ಅಲುಗಾಡುತ್ತಿರಲಿಲ್ಲ, ಒಂದು ಹೆಜ್ಜಾರ್ಲೆ ಹಕ್ಕಿ ನಿಧಾನಕ್ಕೆ ನೀರಿನ ಮೇಲೆ ತೇಲಿಕೊಂಡು ಬೆಟ್ಟದ ಪ್ರತಿಬಿಂಬದೊಳಕ್ಕೆ ಬಂತು. ಆ ಚಿತ್ರ ಈಗ ನಮ್ಮ ಹಜಾರದಲ್ಲಿದೆ.

ಅಲ್ಲೇ ಮೊದಲ ದಿನ ಹುಡುಗ ಫೋನ್ ನೋಡಿಕೊಂಡು, "ಮಾಮ, ಬೆಟ್ಟ ಎಲ್ಲಿ ಹೋಯ್ತು?" ಅಂದ. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಂಡದ್ದು ಫೋಟೋದಲ್ಲಿ ಇರುವೆಗೂಡಿನ ಹಾಗೆ ಕಂಡಿತ್ತು. ಕಾರಣ ಇಷ್ಟೆ: ಬೆಟ್ಟ ಊರಿಗಿಂತ ಎತ್ತರ ಇರುವುದು ಸುಮಾರು ಸಾವಿರ ಅಡಿ, ನಾವು ನಿಂತಿದ್ದು ಐದು ಕಿಲೋಮೀಟರ್‌ಗೂ ದೂರ, ಫೋನಿನ ಮಾಮೂಲಿ ಲೆನ್ಸ್ ತುಂಬಾ ಅಗಲ. ಎಡಬಲದ ಆಕಾಶವನ್ನೆಲ್ಲ ತುಂಬಿಕೊಂಡು ಬೆಟ್ಟವನ್ನು ಕುಗ್ಗಿಸಿಬಿಡುತ್ತದೆ. ನಾನು 70-300 ಹಾಕಿ 100ರ ಆಸುಪಾಸಿನಲ್ಲಿ ತೆಗೆದದ್ದನ್ನು ತೋರಿಸಿದೆ. ಅಲ್ಲಿಂದಾಚೆ ಅವನು ದೂರದ್ದನ್ನು ಮೂರು ಪಟ್ಟು ಹತ್ತಿರ ತರುವ ಫೋನಿನ 3 ಎಕ್ಸ್ ಲೆನ್ಸ್‌ನಲ್ಲೇ ತೆಗೆದ. ಹಗಲಿನಲ್ಲಿ ನನ್ನದಕ್ಕೂ ಅವನದಕ್ಕೂ ಫೋನ್ ಪರದೆ ಮೇಲೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಸೂರ್ಯ ಮುಳುಗಿದ ಮೇಲೆ ಮಾತ್ರ ಅವನ ಚಿತ್ರದಲ್ಲಿ ಮರಗಳು ಬಣ್ಣ ಬಳಿದ ಹಾಗೆ ಕದಡಿಹೋದವು.

ಕಾರಂಜಿ ಕೆರೆ ಬೆಟ್ಟಕ್ಕೆ ಇನ್ನೂ ಹತ್ತಿರ. ಇಲ್ಲಿಂದ ಬೆಟ್ಟ ನೇರ ದಕ್ಷಿಣಕ್ಕೆ, ಕುಕ್ಕರಹಳ್ಳಿಯಿಂದ ಕಂಡದ್ದಕ್ಕಿಂತ ಹತ್ತಿರಹತ್ತಿರ ಎರಡರಷ್ಟು ದೊಡ್ಡದಾಗಿ ನಿಲ್ಲುತ್ತದೆ. ದಕ್ಷಿಣಕ್ಕೆ ಇರುವುದರಿಂದ ಬೆಳಕು ಬೆಳಿಗ್ಗೆ ಎಡದಿಂದ, ಸಂಜೆ ಬಲದಿಂದ ಬೀಳುತ್ತದೆ, ಬೆಟ್ಟದ ಮಡಿಕೆಗಳೆಲ್ಲ ಎದ್ದು ಕಾಣುತ್ತವೆ. ಚಿತ್ರಕ್ಕೆ ಇದಕ್ಕಿಂತ ಒಳ್ಳೆ ಬೆಳಕು ಇಲ್ಲ. ತೊಂದರೆ ಸಮಯದ್ದು. ಬಾಗಿಲು ತೆರೆಯುವುದು ಎಂಟೂವರೆಗೆ, ಮುಚ್ಚುವುದು ಸಂಜೆ ಐದೂವರೆಗೆ, ಮಂಗಳವಾರ ರಜೆ. ಬೇಸಿಗೆಯಲ್ಲಿ ಐದೂವರೆಗೆ ಇನ್ನೂ ಚುರುಚುರು ಬಿಸಿಲು. ಡಿಸೆಂಬರ್‌ನಲ್ಲಾದರೆ ಆರರ ಹೊತ್ತಿಗೆ ಸೂರ್ಯ ಮುಳುಗುವುದರಿಂದ ನಾಲ್ಕೂವರೆಯಿಂದ ಐದೂವರೆವರೆಗೆ ಒಂದು ಗಂಟೆ ಬಂಗಾರದಂಥ ಬೆಳಕು ಸಿಗುತ್ತದೆ. ಆ ಒಂದು ಗಂಟೆಯನ್ನು ನವಿಲು ನೋಡುತ್ತಾ ಕಳೆಯಬೇಡಿ, ಮೊದಲೇ ಜಾಗ ಹಿಡಿದು ನಿಂತುಬಿಡಿ.

ಲೆನ್ಸ್ ಮುಂದೆ ಹಾಕುವ, ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇದ್ದರೆ ಒಂದು ಮಾತು. ಅದು ಆಕಾಶವನ್ನು ಗಾಢ ಮಾಡುತ್ತದೆ ಅಂತ ಸುಮ್ನೆ ಹಾಕಿಕೊಂಡೇ ಇರಬೇಡಿ, ನೀರಿನ ಮೇಲಿನ ಪ್ರತಿಬಿಂಬವನ್ನೂ ಅದೇ ಅಳಿಸುತ್ತದೆ. ನಾನು ಎರಡು ಸಂಜೆ ಹಾಗೆ ಹಾಳು ಮಾಡಿಕೊಂಡೆ. ಹಾಗೇ ನೀರಿನಲ್ಲಿನ ಆಕಾಶ ಮೇಲಿನ ಆಕಾಶಕ್ಕಿಂತ ಸ್ವಲ್ಪ ಕಪ್ಪಗೇ ಇರುತ್ತದೆ. ಎಡಿಟ್ ಮಾಡುವಾಗ ಎರಡನ್ನೂ ಸಮ ಮಾಡಿದರೆ ನೋಡಿದವರಿಗೆ ಏನೋ ಸುಳ್ಳು ಅನ್ನಿಸುತ್ತದೆ.

ನಾಲ್ಕನೆಯದು ಮಂಡ್ಯ ಜಿಲ್ಲೆಯ ತೊಣ್ಣೂರು ಕೆರೆ. ಪಾಂಡವಪುರ ದಾಟಿ ಹೋಗಬೇಕು, ನಮಗೆ ಅರ್ಧ ದಿನದ ಕೆಲಸ. 1746ರಲ್ಲಿ ಇಲ್ಲಿಗೆ ಬಂದ, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ನೀರಿನ ತಿಳಿ ನೋಡಿ ಇದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂತ ಹೆಸರಿಟ್ಟ. ನೀರು ಇವತ್ತಿಗೂ ಹಾಗೇ ಇದೆ. ಇಲ್ಲಿ ಬೆಟ್ಟ ದೂರದಲ್ಲಿ ಇಲ್ಲ, ಬಂಡೆಗುಡ್ಡಗಳು ಕೆರೆಯನ್ನು ತಬ್ಬಿಕೊಂಡೇ ಇವೆ. ಹಾಗಾಗಿ 18-55 ಸಾಕು, ಫೋನಿನ ಅಗಲ ಲೆನ್ಸ್ ಕೂಡ ಇಲ್ಲಿ ಗೆದ್ದಿತು. ಹುಡುಗ ದಡದ ಕಲ್ಲಿನ ಹತ್ತಿರ ಕೂತು, ಫೋನನ್ನು ನೀರಿಗೆ ಒಂದು ಗೇಣು ಮೇಲೆ ಹಿಡಿದು ತೆಗೆದ. ತಳದ ಕಲ್ಲು, ನೀರು, ಗುಡ್ಡ ಮೂರೂ ಒಂದರ ಹಿಂದೆ ಒಂದು ಬಂದವು. ನನ್ನ ಕ್ಯಾಮೆರಾದ್ದಕ್ಕಿಂತ ಅವನದೇ ಚೆನ್ನಾಗಿತ್ತು. ಆಳ ಇರುವ ಕೆರೆ, ಫೋಟೋಗೆ ಅಂತ ನೀರಿಗೆ ಮಾತ್ರ ಇಳಿಯಬೇಡಿ.

ಒಂದೇ ಸಂಜೆ ಇದ್ದು, ಮೈಸೂರು ಬಿಟ್ಟು ಹೋಗಲು ಆಗದಿದ್ದರೆ ಚಳಿಗಾಲದಲ್ಲಿ ಕಾರಂಜಿ, ಉಳಿದ ಕಾಲದಲ್ಲಿ ಕುಕ್ಕರಹಳ್ಳಿ. ಅರ್ಧ ದಿನ ಇದ್ದರೆ ಕಣ್ಣುಮುಚ್ಚಿ ತೊಣ್ಣೂರು ಅನ್ನುತ್ತೇನೆ. ವ್ಯೂ ಪಾಯಿಂಟ್‌ಗೆ ಲಲಿತ ಮಹಲ್ ತೆಗೆಯಲು ಹೋಗಿ, ಕೆರೆಗಲ್ಲ. ಮಳೆಗಾಲದಲ್ಲಿ ಬೆಟ್ಟ ಹಸಿರಾದಾಗ ಕುಕ್ಕರಹಳ್ಳಿಯ ಅದೇ ಸಂದಿನಲ್ಲಿ ಮತ್ತೆ ನಿಲ್ಲಬೇಕು ಅಂತ ನಾವಿಬ್ಬರೂ ಈಗಲೇ ಮಾತಾಡಿಕೊಂಡಿದ್ದೇವೆ.