ಮಂಗಳದ ಗಾಳಿಗೊಂದು ವ್ಯಾಕ್ಯೂಮ್ ಚೇಂಬರ್ ಕಿಟ್: ಪಂಪ್ ಸೈ, ಗೇಜ್ ಸಾಲದು

ರೆಸಿನ್‌ನ ಗುಳ್ಳೆ ತೆಗೆಯಲೆಂದು ಮಾರುವ 10 ಲೀಟರ್ ಸ್ಟೀಲ್ ಪಾತ್ರೆ, ಅಕ್ರಿಲಿಕ್ ಮುಚ್ಚಳ, ಎರಡು ಹಂತದ ರೋಟರಿ ಪಂಪ್: ಮನೆಯಲ್ಲಿ ಮಂಗಳ ಗ್ರಹದ ವಾತಾವರಣ ಕಟ್ಟಲು ಇಷ್ಟು ಸಾಕು. ಅಲ್ಲಿನ ನೆಲದ ಒತ್ತಡ ಸುಮಾರು 6ರಿಂದ 7 ಮಿಲಿಬಾರ್. ಪಂಪ್ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ.

ತೊಂದರೆ ಒತ್ತಡ ತೋರಿಸುವ ಗೇಜ್‌ನದು. ಜೊತೆಗೆ ಬರುವ ಮುಳ್ಳಿನ ಗೇಜ್ ಹೊರಗಿನ ಒತ್ತಡಕ್ಕೆ ಹೋಲಿಸಿ ತೋರಿಸುವಂಥದ್ದು. 7 ಮಿಲಿಬಾರ್ ಇರಲಿ, 30 ಇರಲಿ, ಮುಳ್ಳು ನಿಲ್ಲುವ ಜಾಗ ಹೆಚ್ಚುಕಡಿಮೆ ಒಂದೇ. ಗಾಳಿಯ ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್ ಒಳಗಿಟ್ಟೂ ಉಪಯೋಗವಿಲ್ಲ, 300 ಮಿಲಿಬಾರ್‌ಗಿಂತ ಕೆಳಗೆ ಅದರ ಅಳತೆ ನಂಬುವಂತಿಲ್ಲ. ಏಸಿ ರಿಪೇರಿಯಲ್ಲಿ ನಿರ್ವಾತ ಅಳೆಯುವ ಮೈಕ್ರಾನ್ ಗೇಜ್ ಗಾಳಿಗೆ ಹೊಂದಿಸಿದ್ದು, ಮಂಗಳಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ತಪ್ಪು ಅಂಕಿ ಕೊಡುತ್ತದೆ. ಪೂರ್ಣ ನಿರ್ವಾತವನ್ನೇ ಸೊನ್ನೆಯಾಗಿಟ್ಟು ಅಳೆಯುವ, 0–100 ಮಿಲಿಬಾರ್‌ನ ಅಬ್ಸಲ್ಯೂಟ್ ಕ್ಯಾಪ್ಸ್ಯೂಲ್ ಗೇಜ್ ಬೇರೆ ಕೊಳ್ಳಲೇಬೇಕು. ಅದಿಲ್ಲದೆ ಮಾಡಿದ್ದನ್ನು ಮಂಗಳ ಎನ್ನಲಾಗದು.

ಒಳಗೆ ತೇವದ ಮಣ್ಣಿದ್ದರೆ 20 ಡಿಗ್ರಿಯಲ್ಲಿ ಮುಳ್ಳು 23 ಮಿಲಿಬಾರ್ ಹತ್ತಿರ ಬಂದು ಕೂತುಬಿಡುತ್ತದೆ. ಸೋರಿಕೆ ಎಂದುಕೊಂಡು ಗ್ಯಾಸ್ಕೆಟ್ ಬಿಚ್ಚಬೇಡಿ. ನೀರು ಕುದಿದು ಆವಿಯಾಗುತ್ತಿದೆ, ಪಂಪ್ ಎಳೆದಷ್ಟೂ ಮತ್ತೆ ತುಂಬುತ್ತಿದೆ. ಆ ಆವಿ ಬೆರೆತು ಪಂಪ್ ಎಣ್ಣೆ ಬೆಳ್ಳಗೆ ಕದಡಿದರೆ ಗ್ಯಾಸ್ ಬ್ಯಾಲಸ್ಟ್ (ಪಂಪ್‌ಗೆ ಸ್ವಲ್ಪ ಗಾಳಿ ಬಿಟ್ಟು ಆವಿಯನ್ನು ಹೊರದೂಡುವ ಕವಾಟ) ತೆರೆದು ಓಡಿಸಿ, ತಿಳಿಯಾಗದಿದ್ದರೆ ಎಣ್ಣೆ ಬದಲಿಸಿ. ಮಣ್ಣನ್ನು ಮೊದಲೇ 110 ಡಿಗ್ರಿಯಲ್ಲಿ ಒಣಗಿಸಿಟ್ಟರೆ ಈ ತಲೆನೋವೇ ಇಲ್ಲ.

ಅನಿಲ ತುಂಬುವ ಕ್ರಮ ಸುಲಭ. 10 ಮಿಲಿಬಾರ್‌ಗೆ ಇಳಿಸಿ, ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಕೊಳವೆಯ ಮೂಲಕ ಕಾರ್ಬನ್ ಡೈಆಕ್ಸೈಡ್ ಅನ್ನು 900ರವರೆಗೆ ಬಿಡಿ, ಪುನಃ 7ಕ್ಕೆ ಎಳೆಯಿರಿ. ಉಳಿಯುವ ಗಾಳಿ ಶೇ. 1ರಷ್ಟು; ಮಂಗಳದಲ್ಲೇ ಈ ಅನಿಲ ಶೇ. 95 ಇರುವುದರಿಂದ ಒಂದೇ ಸುತ್ತು ಸಾಕು. ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಅನ್ನು ಮಾತ್ರ ಪಾತ್ರೆಯೊಳಗೆ ಹಾಕಬೇಡಿ: ಒಂದು ಗ್ರಾಂನಿಂದ ಅರ್ಧ ಲೀಟರ್‌ಗೂ ಮೀರಿ ಅನಿಲ ಬರುತ್ತದೆ. ಕೋಣೆಯ ಕಿಟಕಿ ತೆರೆದಿರಲಿ.

25 ಸೆಂ.ಮೀ. ಮುಚ್ಚಳದ ಮೇಲೆ ಸಮುದ್ರಮಟ್ಟದಲ್ಲಿ ಬೀಳುವ ಭಾರ ಹತ್ತಿರ ಹತ್ತಿರ 500 ಕೆ.ಜಿ. ಸ್ಪಿರಿಟ್‌ನಿಂದ ಒರೆಸಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕು ಏಳುತ್ತದೆ. ಸೋಪು ನೀರೇ ಸಾಕು. ಬಿರುಕು ಕಂಡ ಮುಚ್ಚಳವನ್ನು ಬಿಸಾಡಿ. ಕಣ್ಣಿಗೆ ಕನ್ನಡಕ ಕಡ್ಡಾಯ.

ಶನಿಯ ಉಪಗ್ರಹ ಟೈಟನ್, ಶುಕ್ರ ಗ್ರಹಗಳಿಗೆ ಈ ಕಿಟ್ ಆಗದು. ಟೈಟನ್‌ನ ಒತ್ತಡ ಸುಮಾರು 1.5 ಬಾರ್, ಶುಕ್ರನದು 90ಕ್ಕೂ ಹೆಚ್ಚು. ಈ ಮುಚ್ಚಳವನ್ನು ಹಿಡಿದಿರುವುದು ಒಳಗಿನ ನಿರ್ವಾತವೇ, ಒಳಗೆ ಒತ್ತಡ ಏರಿದರೆ ಹಾರಿಬೀಳುತ್ತದೆ.