ಕಠ್ಮಂಡುವಿನಲ್ಲಿ ಟ್ರೆಕ್ ಏಜೆಂಟ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗುವ ಪ್ಲಾನ್ ಇರುವವರಿಗಾಗಿ ಬರೆಯುತ್ತಿದ್ದೇನೆ. ಬೆಟ್ಟದಲ್ಲಿ ನಮಗೆ ಏನೂ ತೊಂದರೆ ಆಗಲಿಲ್ಲ. ಆಗಿದ್ದೆಲ್ಲ ಹತ್ತುವ ಮುಂಚೆಯೇ, ಕಠ್ಮಂಡುವಿನ ಥಮೇಲ್‌ನಲ್ಲಿ. ಅಲ್ಲಿ ಕೆಲವು ಏಜೆಂಟ್‌ಗಳು ನಮ್ಮಂಥ ಭಾರತೀಯರಿಂದ ವಿದೇಶಿಯರ ರೇಟು ತೆಗೆದುಕೊಂಡು, ಆಫೀಸಿನಲ್ಲಿ ನಮ್ಮ ಕಡಿಮೆ ರೇಟು ಕಟ್ಟಿ, ಉಳಿದಿದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ನಮಗೆ ಆಗಿದ್ದು ಇದೇ. ಏಜೆನ್ಸಿಯ ಹೆಸರು ಹಾಕುತ್ತಿಲ್ಲ, ಯಾಕೆಂದರೆ ನಾಳೆ ಬೋರ್ಡ್ ಬದಲಾಯಿಸಿ ಪಕ್ಕದ ಗಲ್ಲಿಯಲ್ಲಿ ಕೂರುವುದು ಅವರಿಗೆ ಕಷ್ಟವೇನಲ್ಲ.

ಮೊದಲ ಪೆಟ್ಟು ರೂಪಾಯಿಯಲ್ಲೇ ಬಿತ್ತು. ನಮ್ಮ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. ಅಂಗಡಿಯವರೆಲ್ಲ ನಮ್ಮದನ್ನು ಐಸಿ, ಅವರದನ್ನು ಎನ್‌ಸಿ ಅನ್ನುತ್ತಾರೆ. ಏಜೆಂಟ್ ಟೀ ತರಿಸಿ, ನಗುನಗುತ್ತಾ ಹಿಂದಿಯಲ್ಲಿ ರೇಟು ಹೇಳಿದ, ನಾವು ಎನ್‌ಸಿ ಅಂದುಕೊಂಡು ಚೌಕಾಸಿ ಮಾಡಿ ಒಪ್ಪಿದೆವು, ಅಡ್ವಾನ್ಸ್ ಕೊಟ್ಟಾದ ಮೇಲೆ "ಭಾಯ್‌ಸಾಬ್, ನಾನು ಹೇಳಿದ್ದು ಐಸಿ" ಅಂದ. ಅಂದರೆ ನೂರಕ್ಕೆ ಅರವತ್ತು ಜಾಸ್ತಿ! ಜಗಳ ಆಡಿ ಸ್ವಲ್ಪ ಇಳಿಸಿದೆವು. ಪೂರ್ತಿ ಇಳಿಯಲಿಲ್ಲ. ಅಡ್ವಾನ್ಸ್ ಅವನ ಡ್ರಾಯರ್‌ನಲ್ಲಿತ್ತಲ್ಲ.

ಇನ್ನು ಲುಕ್ಲಾ ವಿಮಾನ. ಬೇಸ್ ಕ್ಯಾಂಪ್‌ಗೆ ನಡಿಗೆ ಶುರುವಾಗುವ ಬೆಟ್ಟದ ಊರು ಲುಕ್ಲಾ. ಇದನ್ನು ಗಮನವಿಟ್ಟು ಓದಿ. ಅಕ್ಟೋಬರ್-ನವೆಂಬರ್ ಮತ್ತು ಮಾರ್ಚ್‌ನಿಂದ ಮೇ ತನಕ, ಜನ ಜಾಸ್ತಿ ಇರುವ ಸೀಸನ್‌ನಲ್ಲಿ, ಲುಕ್ಲಾಕ್ಕೆ ಹೆಚ್ಚಿನ ವಿಮಾನಗಳು ಹೊರಡುವುದು ಕಠ್ಮಂಡುವಿನಿಂದ ಅಲ್ಲ. ರಾಮೇಛಾಪ್ ಜಿಲ್ಲೆಯ ಮಂಥಲಿ ಅನ್ನುವ ಊರಿನಿಂದ. ಕಠ್ಮಂಡುವಿನ ಏರ್‌ಪೋರ್ಟ್‌ಗೆ ಇರುವುದು ಒಂದೇ ರನ್‌ವೇ, ಅಲ್ಲಿ ನೂಕುನುಗ್ಗಲು, ಅದಕ್ಕೇ ಈ ವ್ಯವಸ್ಥೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಏಜೆಂಟ್ "ಕಠ್ಮಂಡು-ಲುಕ್ಲಾ" ಅಂತಲೇ ಬಿಲ್ ಬರೆದು, ಅದರ ದುಡ್ಡನ್ನೇ ತೆಗೆದುಕೊಂಡ. ಮಂಥಲಿಯಿಂದ ಹಾರಿದರೆ ಟಿಕೆಟ್ ಅದಕ್ಕಿಂತ ಅಗ್ಗ. ಹಿಂದಿನ ದಿನ ಸಂಜೆ ಫೋನ್ ಮಾಡಿ "ರಾತ್ರಿ ಒಂದು ಗಂಟೆಗೆ ಹೋಟೆಲ್ ಮುಂದೆ ಜೀಪ್ ಬರುತ್ತೆ, ರೆಡಿ ಇರಿ" ಅಂದ. ಜೀಪಿನ ದುಡ್ಡು ಬೇರೆ!

ಆ ದಾರಿ ಸುಮಾರು 130 ಕಿಲೋಮೀಟರ್, ಎಲ್ಲ ಸರಿ ಇದ್ದರೆ ನಾಲ್ಕೈದು ಗಂಟೆ. ಸೆಪ್ಟೆಂಬರ್ 2024ರ ಪ್ರವಾಹದಲ್ಲಿ ಆ ದಾರಿಯಲ್ಲಿ ಸಿಗುವ ಬಿಪಿ ಹೆದ್ದಾರಿ ಎಷ್ಟೋ ಕಡೆ ಕೊಚ್ಚಿಹೋಯಿತು, ಹಾಗಾಗಿ ಸಮಯ ಹೀಗೇ ಅಂತ ಹೇಳಲಾಗದು. ಕತ್ತಲಲ್ಲಿ ತಿರುವುಗಳ ಮೇಲೆ ತಿರುವು. ನಮ್ಮ ಭಾವನಿಗೆ ದಾರಿಯುದ್ದಕ್ಕೂ ವಾಂತಿ. ನಿದ್ದೆ ಇಲ್ಲ, ಹೊಟ್ಟೆ ಖಾಲಿ, ಅದೇ ಸ್ಥಿತಿಯಲ್ಲಿ ಬೆಳಗ್ಗೆ 2,800 ಮೀಟರ್ ದಾಟಿದ ಲುಕ್ಲಾದಲ್ಲಿ ಇಳಿದು ನಡೆಯಲು ಶುರು ಮಾಡಬೇಕು. ಎತ್ತರದ ಕಾಯಿಲೆ ಯಾರನ್ನು ಹಿಡಿಯುತ್ತದೋ ಗೊತ್ತಿಲ್ಲದ ಜಾಗದಲ್ಲಿ ಇದು ಸುಮ್ನೆ ಕಿರಿಕಿರಿಯ ವಿಷಯ ಅಲ್ಲ.

ಟಿಕೆಟ್ ದರದಲ್ಲೂ ಆಟ ಇದೆ. ನೇಪಾಳದ ಒಳಗಿನ ವಿಮಾನಗಳಲ್ಲಿ ನೇಪಾಳಿಗಳಿಗೆ ಒಂದು ದರ, ಭಾರತೀಯರಿಗೆ ಇನ್ನೊಂದು, ಉಳಿದ ವಿದೇಶಿಯರಿಗೆ ಡಾಲರ್ ದರ. ನಮ್ಮಿಂದ ವಸೂಲಿ ಮಾಡಿದ್ದು ಡಾಲರ್ ದರ. ಟಿಕೆಟ್ ಕೇಳಿದಾಗಲೆಲ್ಲ "ಗೈಡ್ ಹತ್ತಿರ ಇದೆ" ಅನ್ನುತ್ತಿದ್ದ. ಯಾಕೆ ಅಂತ ಆಮೇಲೆ ಅರ್ಥವಾಯಿತು.

ಇದೆಲ್ಲ ಹೊರಬಂದಿದ್ದು ಭಾವನಿಂದ. ಅವರು ಬ್ಯಾಂಕಿನವರು, ರಸೀದಿ ಕಂಡರೆ ಓದದೆ ಬಿಡುವವರಲ್ಲ. ಲುಕ್ಲಾ ದಾಟಿದ ಮೇಲೆ ರಾತ್ರಿ ಲಾಡ್ಜ್‌ನಲ್ಲಿ ಗೈಡ್ ಹತ್ತಿರ ಇದ್ದ ಕಾಗದವನ್ನೆಲ್ಲ ಇಸಿದುಕೊಂಡು ಕೂತರು. "ನೋಡೋ, ಪರ್ಮಿಟ್‌ಗೆ ಇವನು ನಮ್ಮ ಹತ್ತಿರ ತಲಾ ಮೂರು ಸಾವಿರದ ಮೇಲೆ ತಗೊಂಡಿದ್ದಾನೆ, ಇಲ್ಲಿ ಸಾವಿರದ ಐನೂರು ಅಂತಿದೆ" ಅಂದರು. ಸರಿಯೇ. ಸಗರ್‌ಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ, ನಾವೂ ಸೇರಿ ಸಾರ್ಕ್ ದೇಶದವರಿಗೆ 1,500, ಮೇಲೆ ಶೇಕಡಾ 13 ವ್ಯಾಟ್. ಜೊತೆಗೆ ಟಿಮ್ಸ್ ಕಾರ್ಡ್ (ಟ್ರೆಕ್ಕಿಂಗ್ ಮಾಡುವವರ ನೋಂದಣಿ ಕಾರ್ಡ್) ಅಂತಲೂ ಬಿಲ್‌ನಲ್ಲಿ ಸೇರಿಸಿದ್ದ. ಲುಕ್ಲಾದಿಂದ ಮುಂದೆ ಅದನ್ನು ಯಾರೂ ಕೇಳಲಿಲ್ಲ. ಖುಂಬುವಿನಲ್ಲಿ, ಅಂದರೆ ಎವರೆಸ್ಟ್ ಸುತ್ತಲಿನ ಆ ಪ್ರದೇಶದಲ್ಲಿ, ಅಲ್ಲಿನ ಗ್ರಾಮಪಾಲಿಕೆಯೇ ತನ್ನ ಪರ್ಮಿಟ್ ಕೊಡುತ್ತದೆ, ಲುಕ್ಲಾದಲ್ಲೇ ದುಡ್ಡು ಕಟ್ಟಿ ಮಾಡಿಸಬಹುದು. ಉದ್ಯಾನದ ಪರ್ಮಿಟ್ ಕಠ್ಮಂಡುವಿನ ಭೃಕುಟಿಮಂಡಪದ ಆಫೀಸಿನಲ್ಲೋ ದಾರಿಯಲ್ಲಿ ಮೊಂಜೋ ಗೇಟಿನಲ್ಲೋ ಸಿಗುತ್ತದೆ. ಪಾಸ್‌ಪೋರ್ಟ್ ಇಟ್ಟುಕೊಂಡು ನೀವೇ ಹೋಗಿ. ಏಜೆಂಟ್ ಬೇಕಾಗಿಲ್ಲ.

ಗೈಡ್ ಪಾಪದ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೂಲಿಯಲ್ಲೂ ಏಜೆಂಟ್ ಮುರಿದುಕೊಂಡಿದ್ದ ಅಂತ ದಾರಿಯಲ್ಲಿ ಸಿಗುವ ನಾಮ್ಚೆ ಊರಿನಲ್ಲಿ ಹೇಳಿಕೊಂಡ.

ಸ್ಲೀಪಿಂಗ್ ಬ್ಯಾಗ್, ಡೌನ್ ಜಾಕೆಟ್ ಥಮೇಲ್‌ನಲ್ಲೇ ಬಾಡಿಗೆಗೆ ಸಿಗುತ್ತವೆ, ಬೆಂಗಳೂರಿನಿಂದ ಹೊತ್ತುಕೊಂಡು ಹೋಗಬೇಡಿ. ಆದರೆ ಏಜೆಂಟ್ ತೋರಿಸಿದ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ, ಅವನ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಇರುತ್ತದೆ. ಜಿಪ್ ಪೂರ್ತಿ ಎಳೆದು ನೋಡಿ, ಅಂಗಡಿಯವನ ಎದುರಿಗೇ ವಿಡಿಯೋ ಮಾಡಿಕೊಳ್ಳಿ. ಮೊದಲೇ ಇದ್ದ ಹರಿದ ಹೊಲಿಗೆಗೆ ನಮ್ಮ ಡೆಪಾಸಿಟ್ ಹಿಡಿಯಲು ನೋಡಿದರು, ವಿಡಿಯೋ ತೋರಿಸಿದ ಮೇಲೆ ಬಿಟ್ಟರು.

ಇನ್ನೊಂದು ಮಾತನ್ನೂ ಏಜೆಂಟ್ ತಣ್ಣಗೆ ಹೇಳಿದ್ದ: "ತಲೆನೋವು ಬಂದರೆ ಹೆಲಿಕಾಪ್ಟರ್ ಕರೆಸಿ, ಇನ್ಶೂರೆನ್ಸ್ ಕೊಡುತ್ತೆ, ನಿಮಗೇನು ನಷ್ಟ?" ಬೇಡದ ಹೆಲಿಕಾಪ್ಟರ್ ಹಾರಿಸಿ ವಿಮಾ ಕಂಪನಿಗಳಿಂದ ದುಡ್ಡು ಹೊಡೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ಇಂಥ ಮಾತು ಕೇಳಿದ ತಕ್ಷಣ ಎದ್ದು ಬನ್ನಿ.

ವಾಪಸ್ ಬಂದ ಮೇಲೆ ಅವನ ಆಫೀಸಿಗೇ ಹೋದೆವು. ಮೊದಲು "ಮುಂದಿನ ಸಲ ಡಿಸ್ಕೌಂಟ್" ಅಂದ. ಭಾವ ರಸೀದಿಗಳನ್ನು ಮೇಜಿನ ಮೇಲೆ ಹರಡಿ, ಭೃಕುಟಿಮಂಡಪದ ಟೂರಿಸ್ಟ್ ಪೊಲೀಸರ ಹತ್ತಿರ ಹೋಗುತ್ತೇವೆ ಅಂದಾಗ ಪರ್ಮಿಟ್ ವ್ಯತ್ಯಾಸದ ದುಡ್ಡು ಹೊರಬಂತು. ವಿಮಾನದ್ದು, ಜೀಪಿನದ್ದು ಬರಲೇ ಇಲ್ಲ.

ಲುಕ್ಲಾದಿಂದ ವಾಪಸ್ ಬರುವ ವಿಮಾನವೂ ಸೀಸನ್‌ನಲ್ಲಿ ಮಂಥಲಿಗೇ ಇಳಿಸುತ್ತದೆ, ಮೋಡ ಕವಿದರೆ ಆ ದಿನ ಹಾರುವುದೇ ಇಲ್ಲ. ಮನೆಗೆ ಹೋಗುವ ಟಿಕೆಟ್ ಮಾಡಿಸುವಾಗ ಕಠ್ಮಂಡುವಿನಲ್ಲಿ ಎರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ.